ಟೋಪಿಯೊಳಗಿನ ಒಂದು ಅಕ್ಷರ, ನಾಲ್ಕು ಅಂಕಿ

ನನ್ನ ಹತ್ತಿರ ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಸೈನಿಕನ ಟೋಪಿ ಇದೆ. ಅಂಚಿಗೆ ತಿಳಿನೀಲಿ ದಾರ, ಅಂದ್ರೆ ಕಾಲಾಳು ಪಡೆ. ಯಾರದ್ದು ಅಂತ ತಿಳಿಯದೆ ಅದನ್ನು ಸುಮ್ನೆ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ.

ಒಳಗಿನ ಬೆವರುಪಟ್ಟಿಯನ್ನು ಮೆಲ್ಲಗೆ ಮಡಚಿ, ಪಕ್ಕದಿಂದ ಟಾರ್ಚ್ ಬಿಟ್ಟೆ. ಮಾಸಿದ ಶಾಯಿಯಲ್ಲಿ 'ಕೆ', ಜೊತೆಗೆ ನಾಲ್ಕು ಅಂಕಿ ಕಂಡವು. ಇದು ಬಟ್ಟೆ ಒಗೆಯಲು ಕೊಡುವಾಗ ಹಾಕುತ್ತಿದ್ದ ಗುರುತು: ಮನೆತನದ ಹೆಸರಿನ ಮೊದಲ ಅಕ್ಷರ, ಸೇನಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ.

ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದ ಆನ್‌ಲೈನ್ ಪಟ್ಟಿಯಲ್ಲಿ, ಅಂದ್ರೆ ಸೇನೆಗೆ ಸೇರಿದವರ ಪಟ್ಟಿಯಲ್ಲಿ, ಹುಡುಕಿದೆ. ಏನೂ ಹೊಂದಲಿಲ್ಲ. ಎರಡು ಸಂಜೆ ಹೋದವು. ಫೋಟೋ ತೆಗೆದು ಬಣ್ಣ ತಿರುಗಿಸಿ ನೋಡಿದಾಗ ತಪ್ಪು ಗೊತ್ತಾಯಿತು: ನಾನು 1 ಅಂದುಕೊಂಡದ್ದು 7! ತಲೆಗೆರೆ ಹೊಲಿಗೆಯಡಿ ಅಡಗಿತ್ತು.

ಈ ಸಲ ಮೂವತ್ತಕ್ಕೂ ಜಾಸ್ತಿ ಹೆಸರು ಬಂದವು. ಟೋಪಿ ಒಹಾಯೋ ರಾಜ್ಯದ ಒಂದು ಮನೆಯಿಂದ ಬಂದದ್ದು ಅಂತ ಮಾರಿದವರು ಹೇಳಿದ್ದರು. ಸೇನಾ ಸಂಖ್ಯೆಯ ಮೊದಲ ಅಂಕಿ 3 ಇದ್ದರೆ ಕಡ್ಡಾಯ ಭರ್ತಿ; ಮುಂದಿನ ಅಂಕಿ 5 ಇದ್ದರೆ ಒಹಾಯೋ ಸೇರಿದ ವಲಯ. ಹೀಗೆ ಸೋಸಿದಾಗ ಇಬ್ಬರು ಉಳಿದರು. ಹಳೆಯ ಪತ್ರಿಕೆಯ ನಿಧನ ವಾರ್ತೆಯಲ್ಲಿ ಒಬ್ಬರು ಕಾಲಾಳು ಪಡೆಯವರು, ಇನ್ನೊಬ್ಬರು ವಾಯುಪಡೆಯವರು ಅಂತಿತ್ತು.

ಸೇವಾ ಕಡತದಿಂದ ಖಚಿತ ಮಾಡಿಕೊಳ್ಳುವ ಆಸೆ ಇತ್ತು. ಆದರೆ 1973ರಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ ಆ ಕಾಲದ ಸೇನಾ ಕಡತಗಳಲ್ಲಿ ಬಹುಪಾಲು ಸುಟ್ಟುಹೋಗಿವೆ. ಹಾಗಾಗಿ ಆ ಕಾಲಾಳು ಪಡೆಯವರ ಮಗಳಿಗೆ ಪತ್ರ ಬರೆದೆ. ಅದೇ ಟೋಪಿ ತೊಟ್ಟ ಅಪ್ಪನ ಫೋಟೋ ಕಳಿಸಿದರು. ಟೋಪಿ ಈಗ ಅವರ ಮನೆಗೆ ಹೊರಟಿದೆ.