ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ನನ್ನ ಎರಡನೇ ತೋಟ

ಕಾಲೇಜು ದಿನಗಳಲ್ಲಿ ಸೈಬರ್ ಕೆಫೆಗೆ ಹೋಗಿ ವೈಸ್ ಸಿಟಿ ಅನ್ನುವ ಕಂಪ್ಯೂಟರ್ ಗೇಮ್ ಆಡುತ್ತಿದ್ದೆ. ಜೇಬಿನಲ್ಲಿ ಒಂದು ಗಂಟೆಗಾಗುವಷ್ಟೇ ದುಡ್ಡು, ಮಿಷನ್ ಮುಗಿಯುವ ಮೊದಲೇ ಟೈಮ್ ಮುಗಿದುಹೋಗುತ್ತಿತ್ತು. ಆಮೇಲೆ ಗೆಳೆಯನೊಬ್ಬ ಚೀಟ್ ಕೋಡ್ ಹೇಳಿಕೊಟ್ಟ. ಪ್ಯಾಂಜರ್ ಅಂತ ಟೈಪ್ ಮಾಡಿದರೆ ಸಾಕು, ಎದುರಿಗೇ ಟ್ಯಾಂಕ್ ಬಂದು ನಿಲ್ಲುತ್ತಿತ್ತು! ಒಂದು ವಾರ ಭಾರಿ ಖುಷಿ. ಆಮೇಲೆ ಆ ಗೇಮೇ ಬೇಡವಾಯಿತು. ಯಾಕೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ, ಸ್ಟಾರ್‌ಡ್ಯೂ ವ್ಯಾಲಿ ಆಡುವಾಗ.

2016ರಲ್ಲಿ ಬಂದ ಗೇಮ್ ಇದು. ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ಮಾಡಿದ್ದು. ತಾತ ಬಿಟ್ಟುಹೋದ, ಕಲ್ಲು ಕಳೆ ತುಂಬಿದ ಜಮೀನನ್ನು ನೀವು ಹಸನು ಮಾಡಬೇಕು.

ಮೊದಲ ಸಲ ನಾನು ಪಕ್ಕದಲ್ಲೇ ಫೋನಿನಲ್ಲಿ ಈ ಗೇಮಿನ ವಿಕಿ, ಅಂದರೆ ಆಡಿದವರು ಎಲ್ಲ ಮಾಹಿತಿ ಬರೆದಿಟ್ಟ ವೆಬ್‌ಸೈಟ್, ತೆರೆದಿಟ್ಟುಕೊಂಡು ಆಡಿದೆ. ವಸಂತದ 13ನೇ ದಿನ ಹಬ್ಬದಲ್ಲಿ ಸ್ಟ್ರಾಬೆರಿ ಬೀಜ ಸಿಗುತ್ತದೆ, ಒಂದಕ್ಕೆ ಗೇಮಿನ ದುಡ್ಡಿನಲ್ಲಿ 100, ಅಷ್ಟರೊಳಗೆ ಇಷ್ಟು ದುಡ್ಡು ಕೂಡಿಸಿರಬೇಕು, ಅದಕ್ಕೆ ಈ ದಿನ ಮೀನು ಹಿಡಿಯಬೇಕು, ಆ ದಿನ ಗಣಿಗೆ ಇಳಿಯಬೇಕು, ಹೀಗೆ ಎಲ್ಲಕ್ಕೂ ಪಟ್ಟಿ. ಗೇಮಿನ ಒಂದು ದಿನ ಅಂದರೆ ಸುಮಾರು 14 ನಿಮಿಷ, ಅದರಲ್ಲಿ ಒಂದು ನಿಮಿಷವೂ ಹಾಳಾಗಬಾರದು. ಕೊನೆಗೆ ಗ್ರೀನ್‌ಹೌಸ್ ತುಂಬ ಏನ್ಶೆಂಟ್ ಫ್ರೂಟ್ ಅನ್ನುವ ಹಣ್ಣಿನ ಗಿಡ. ಏಳು ದಿನಕ್ಕೊಮ್ಮೆ ಕೊಯ್ಲು, ಪೀಪಾಯಿಗೆ ತುಂಬು, ಏಳು ದಿನಕ್ಕೆ ವೈನ್ ತೆಗೆ, ಮಾರು, ಮತ್ತೆ ತುಂಬು. ಒಂದು ಭಾನುವಾರ ರಾತ್ರಿ ಪೀಪಾಯಿಗಳ ಸಾಲಿನಲ್ಲಿ ಒಂದೊಂದನ್ನೇ ಕ್ಲಿಕ್ ಮಾಡುತ್ತಾ ಹೋಗುತ್ತಿದ್ದೆ. ಅರ್ಧ ಸಾಲಿಗೆ ಕೈ ನಿಂತಿತು. ಆಫೀಸಿನಲ್ಲಿ ಎಕ್ಸೆಲ್ ತುಂಬಿಸುವಾಗ ಆಗುವ ಬೇಜಾರೇ ಇಲ್ಲೂ ಆಗುತ್ತಿತ್ತು. ಅಲ್ಲಿಗೆ ಮುಚ್ಚಿಟ್ಟವನು ಎರಡು ವರ್ಷ ತೆರೆಯಲಿಲ್ಲ.

ಲೆಕ್ಕ ಹಾಕಿ ಆಡುವುದು ತಪ್ಪು ಅಂತ ನಾನು ಹೇಳಲ್ಲ. ಲೆಕ್ಕ ಹಾಕುವುದರಲ್ಲೇ ಎಷ್ಟೋ ಜನರಿಗೆ ಮಜಾ ಇದೆ. ಆದರೆ ನನ್ನ ತೋಟದ ಲೆಕ್ಕ ನಾನು ಹಾಕಿದ್ದಲ್ಲ ಅಲ್ವಾ? ಯಾರೋ ಯೋಚನೆ ಮಾಡಿಟ್ಟಿದ್ದರು, ನಾನು ಬರೀ ಕೈ ಆಡಿಸಿದೆ. ವೈಸ್ ಸಿಟಿಯಲ್ಲೂ ಆಗಿದ್ದು ಇದೇ.

ಹೋದ ವರ್ಷ ಹೊಸ ತೋಟ ಶುರು ಮಾಡಿದೆ. ಈ ಸಲ ಫೋನ್ ಬೇರೆ ರೂಮಿನಲ್ಲಿ. ದಿನಕ್ಕೆ ಗೇಮಿನ ಎರಡು ಮೂರು ದಿನ ಮಾತ್ರ. ಮೊದಲ ಬೆಳೆ ಸ್ವಲ್ಪ ಹಾಳಾಯಿತು, ಋತು ಬದಲಾದರೆ ಗಿಡ ಒಣಗುತ್ತದೆ ಅನ್ನುವುದೇ ಮರೆತುಹೋಗಿತ್ತು. ಬೆಟ್ಟದ ಹತ್ತಿರ ಟೆಂಟಿನಲ್ಲಿ ಲೈನಸ್ ಅನ್ನುವ ಮುದುಕ ಒಬ್ಬನೇ ಇರುತ್ತಾನೆ. ಮೊದಲ ತೋಟದಲ್ಲಿ ಅವನಿಗೇನು ಇಷ್ಟ ಅಂತ ವಿಕಿ ನೋಡಿ ವಾರಕ್ಕೆರಡು ಸಲ ಕೊಟ್ಟು, ಅವನ ಮಾತು ಓದದೆ ಓಡುತ್ತಿದ್ದೆ. ಏನು ಕೊಡುತ್ತಿದ್ದೆ ಅನ್ನುವುದೂ ನೆನಪಿನಲ್ಲಿ ಉಳಿದಿರಲಿಲ್ಲ. ಈ ಸಲ ಶರತ್ಕಾಲದಲ್ಲಿ ಬೆಳೆದ ಒಂದು ಗೆಣಸು ಕೈಯಲ್ಲಿತ್ತು, ಸುಮ್ನೆ ಕೊಟ್ಟೆ. ಅವನ ಮುಖ ಅರಳಿದ್ದು ನೋಡಿ ಅವತ್ತೆಲ್ಲ ನನಗೂ ಖುಷಿ.

ಗೇಮಿನಲ್ಲಿ ಈಗ ಎರಡನೇ ವರ್ಷ ನಡೀತಿದೆ, ಗ್ರೀನ್‌ಹೌಸ್ ಇನ್ನೂ ತೆರೆದಿಲ್ಲ. ನಾಳೆ ಮಳೆ ಅಂತ ಗೇಮಿನ ಟಿವಿಯಲ್ಲಿ ಹೇಳಿದ್ದಾರೆ. ಗಿಡಕ್ಕೆ ನೀರು ಹಾಕುವ ಕೆಲಸ ಇರಲ್ಲ, ಸಮುದ್ರದ ಕಡೆ ಹೋಗಿ ಗಾಳ ಹಾಕಬೇಕು.