53,68,70,911ನ್ನು ಕೈಲೆಕ್ಕದಲ್ಲೇ ಬಿಡಿಸಿದ್ದು

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಈ ಲೆಕ್ಕ ಎಲ್ಲರಿಗೂ ಗೊತ್ತು. 29 ಮನೆ ತುಂಬಿದಾಗ ಒಟ್ಟು 53,68,70,911 ಕಾಳು ಆಗುತ್ತವೆ. ಅಂದರೆ 2ರ 29ನೇ ಘಾತದಲ್ಲಿ ಒಂದು ಕಮ್ಮಿ. ಇದು ಅವಿಭಾಜ್ಯವೋ ಅಲ್ಲವೋ ಅಂತ ಕ್ಯಾಲ್ಕ್ಯುಲೇಟರ್ ಮುಟ್ಟದೆ ನೋಡಬೇಕು ಅನ್ನಿಸಿತು.

ಸುಮ್ನೆ 3, 5, 7 ಅಂತ ಭಾಗಿಸುತ್ತಾ ಕೂತರೆ ಅದರ ವರ್ಗಮೂಲದವರೆಗೆ, ಅಂದರೆ 23,170ರವರೆಗೂ ಹೋಗಬೇಕಾಗಬಹುದು. ಆದರೆ 1640ರಲ್ಲೇ ಫ್ರೆಂಚ್ ಗಣಿತಜ್ಞ ಫರ್ಮಾ ಒಂದು ಒಳದಾರಿ ಕಂಡುಕೊಂಡಿದ್ದ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು 58ರ ಮಗ್ಗಿಗಿಂತ ಒಂದು ಜಾಸ್ತಿ ಇರಲೇಬೇಕು.

ಯಾಕೆ ಅಂತ ನನಗೆ ಅರ್ಥವಾದದ್ದು ಹೀಗೆ. 1, 2, 4, 8 ಅಂತ ದುಪ್ಪಟ್ಟು ಮಾಡುತ್ತಾ, ಆ ಅವಿಭಾಜ್ಯದಿಂದ ಭಾಗಿಸಿದ ಶೇಷವನ್ನಷ್ಟೇ ಬರೆಯುತ್ತಾ ಹೋಗಿ. 29 ಹೆಜ್ಜೆಗೆ ಮತ್ತೆ 1 ಬರುತ್ತದೆ. 29 ಸ್ವತಃ ಅವಿಭಾಜ್ಯ, ಆದ್ದರಿಂದ ಅದಕ್ಕಿಂತ ಚಿಕ್ಕ ಸುತ್ತು ಇರಲು ಸಾಧ್ಯವಿಲ್ಲ. ಇನ್ನೊಂದು ಕಡೆ, ಅವಿಭಾಜ್ಯಕ್ಕಿಂತ ಒಂದು ಕಮ್ಮಿ ಹೆಜ್ಜೆ ನಡೆದರೂ 1ಕ್ಕೇ ಬರಬೇಕು, ಅದು ಫರ್ಮಾನ ಪ್ರಸಿದ್ಧ ನಿಯಮ. ಹಾಗಾದರೆ ಆ ಹೆಜ್ಜೆಗಳಲ್ಲಿ 29ರ ಸುತ್ತುಗಳು ಪೂರ್ತಿ ಕೂರಬೇಕು, ಅಲ್ವಾ? ಅವಿಭಾಜ್ಯ ಬೆಸವಾದ್ದರಿಂದ ಅದಕ್ಕಿಂತ ಒಂದು ಕಮ್ಮಿ ಇರುವುದು ಸಮ, ಹಾಗಾಗಿ 29 ಹೋಗಿ 58 ಆಗುತ್ತದೆ. ಇದರ ಜೊತೆಗೆ, 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಇರಬೇಕು ಅನ್ನುವ ಇನ್ನೊಂದು ಜರಡಿಯೂ ಇದೆ.

59 ಈ ಜರಡಿಯಲ್ಲೇ ಬಿದ್ದುಹೋಯಿತು. 117, 175 ಅವಿಭಾಜ್ಯಗಳೇ ಅಲ್ಲ. ನಾಲ್ಕನೆಯದು 233. ಭಾಗಿಸಿದೆ, ಶೇಷ ಸೊನ್ನೆ! ಭಾಗಲಬ್ಧ 23,04,167. ಅಷ್ಟು ದೊಡ್ಡ ಸಂಖ್ಯೆ ಮೊದಲ ಭಾಗಾಕಾರಕ್ಕೇ ಬಾಗಿಲು ತೆರೆದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಈ 23,04,167ಕ್ಕೆ ಅದರ ವರ್ಗಮೂಲದವರೆಗೆ, ಅಂದರೆ 1,517ರವರೆಗೆ ನೋಡಿದರೆ ಸಾಕು. ಜರಡಿ ಹಿಡಿದ ಮೇಲೆ ಉಳಿದವು ಮೂರೇ: ಮತ್ತೆ 233, ಆಮೇಲೆ 929, 1103. ಮೊದಲೆರಡಕ್ಕೆ ಶೇಷ 30 ಮತ್ತು 247 ಬಂದವು. 1103ಕ್ಕೂ ಏನೋ ಶೇಷ ಬಂತು. 23,04,167 ಅವಿಭಾಜ್ಯ ಅಂತ ಬರೆದು ಪುಸ್ತಕ ಮುಚ್ಚಿಬಿಟ್ಟೆ.

ಮರುದಿನ ಬೆಳಿಗ್ಗೆ ಯಾಕೋ ಸಮಾಧಾನವಾಗಲಿಲ್ಲ. ಭಾಗಾಕಾರ ಬಿಟ್ಟು ಶೇಷಗಳ ದಾರಿಯಲ್ಲೇ ನೋಡಿದೆ. 2ರ 10ನೇ ಘಾತ 1024, ಅದು 1103ಕ್ಕಿಂತ 79 ಕಮ್ಮಿ. 79ರ ವರ್ಗ 6241, 1103ರಿಂದ ಭಾಗಿಸಿದರೆ ಶೇಷ 726. ಇದು 20ನೇ ಘಾತದ ಶೇಷ. ಇನ್ನು 9 ಹೆಜ್ಜೆ ಬಾಕಿ, ಅಂದರೆ 512ರಿಂದ ಗುಣಿಸಬೇಕು: 3,71,712. 1103ನ್ನು 337ರಿಂದ ಗುಣಿಸಿದರೆ 3,71,711. ಶೇಷ 1!

ಹಾಗಾದರೆ 1103 ಭಾಗಿಸಲೇಬೇಕು. ಹಿಂದಿನ ದಿನದ ಹಾಳೆ ತೆಗೆದು ನೋಡಿದೆ. ಕಳೆಯುವಾಗ ಒಂದು ದಶಕ ತಪ್ಪಿತ್ತು. ತಿದ್ದಿದ ಮೇಲೆ ಭಾಗಲಬ್ಧ 2089 ಬಂತು.

2089ನ್ನು ಪರೀಕ್ಷಿಸುವ ಕೆಲಸವೇ ಬೀಳಲಿಲ್ಲ. ಅದನ್ನು ಯಾವುದಾದರೂ ಭಾಗಿಸುವುದಿದ್ದರೆ ಅದು ಕನಿಷ್ಠ 59 ಆಗಿರಬೇಕು, 59ರ ವರ್ಗವೇ 3481. ಹಾಳೆಯ ಕೊನೆಯಲ್ಲಿ 233 × 1103 × 2089 ಅಂತ ಬರೆದು, ಒಮ್ಮೆ ಪೂರ್ತಿ ಗುಣಿಸಿ ನೋಡಿದೆ. 53,68,70,911 ಬಂತು.