ಫ್ಲೋರೈಡ್ ಹಿಡಿಯುವ ಇದ್ದಿಲು: ಕ್ಷಾರ ಸುರಿಯುವಾಗ ಅವಸರ ಬೇಡ

ಬೆಂಗಳೂರಿನ ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ಈ ಮಾದರಿ ಪದೇ ಪದೇ ಕಾಣಿಸುತ್ತದೆ. ಕೋಲಾರದಿಂದಲೋ ಪಾವಗಡದಿಂದಲೋ ತಂದ ಕೊಳವೆಬಾವಿ ನೀರು, ಪ್ಲಾಸ್ಟಿಕ್ ಕೊಳವೆಯೊಳಗೆ ಕರಟದ ಇದ್ದಿಲು, ಪಕ್ಕದಲ್ಲಿ ‘ಫ್ಲೋರೈಡ್ ಮಾಯ’ ಎಂಬ ಫಲಕ. ಬರೀ ಇದ್ದಿಲಿನಿಂದ ಅದು ಮಾಯವಾಗುವುದಿಲ್ಲ. ಈ ಇದ್ದಿಲು, ಅಂದರೆ ಸಕ್ರಿಯ ಇಂಗಾಲ, ಕ್ಲೋರಿನ್ ಮತ್ತು ದುರ್ವಾಸನೆಯನ್ನು ಹೀರುತ್ತದೆ, ಫ್ಲೋರೈಡನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಅದನ್ನು ಹಿಡಿಯುವುದು ಇದ್ದಿಲಿನ ರಂಧ್ರಗಳಲ್ಲಿ ನಾವು ಕೂರಿಸುವ ಲೋಹದ ಹೈಡ್ರಾಕ್ಸೈಡ್. ಅದು ತನ್ನ ಹೈಡ್ರಾಕ್ಸಿಲ್ ಬಿಟ್ಟುಕೊಟ್ಟು ಫ್ಲೋರೈಡನ್ನು ಕೂರಿಸಿಕೊಳ್ಳುತ್ತದೆ. ಜಿರ್ಕೋನಿಯಂ, ಲ್ಯಾಂಥನಂ ಕೂಡ ಈ ಕೆಲಸ ಚೆನ್ನಾಗಿಯೇ ಮಾಡುತ್ತವೆ, ಆದರೆ ದುಬಾರಿ. ವಿದ್ಯಾರ್ಥಿಗಳಿಗೆ ಅಲ್ಯೂಮಿನಿಯಂ ಸಾಕು.

ಇದು ಅಧ್ಯಾಪಕರ ಎದುರು, ಕನ್ನಡಕ ಮತ್ತು ಕೈಗವಸು ತೊಟ್ಟು ಪ್ರಯೋಗಾಲಯದಲ್ಲಿ ಮಾಡುವ ಕೆಲಸ. ಹೀಗೆ ಸೋಸಿದ ನೀರನ್ನು ಯಾರೂ ಕುಡಿಯಬಾರದು.

ಮೊದಲ ಹಂತ. ಕರಟದ ಸಕ್ರಿಯ ಇಂಗಾಲದ ಹರಳು 50 ಗ್ರಾಂ ತೆಗೆದುಕೊಂಡು, ಕಪ್ಪು ನೀರು ನಿಲ್ಲುವವರೆಗೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿ. ಪುಡಿ ಇದ್ದಿಲು ಬೇಡ, ಸೋಸುವಾಗ ಪ್ರಾಣ ಹಿಂಡುತ್ತದೆ.

ಎರಡನೆಯದು ನೆನೆಸುವುದು. 150 ಮಿ.ಲೀ. ನೀರಿನಲ್ಲಿ 50 ಗ್ರಾಂ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ, ಹರಳು ಹಾಕಿ ರಾತ್ರಿಯಿಡೀ ಬಿಡಿ. ಕ್ಷೌರದ ಪಟಿಕದ ಕಲ್ಲನ್ನು ಕುಟ್ಟಿ ಹಾಕುವ ಜಾಣತನ ಬೇಡ. ಕೆಲವು ವಿಧಾನಗಳಲ್ಲಿ ಅಲ್ಯೂಮಿನಿಯಂ ನೈಟ್ರೇಟ್ ಎಂದಿರುತ್ತದೆ. ಅದನ್ನಂತೂ ಮುಟ್ಟಬೇಡಿ, ನೈಟ್ರೇಟ್ ಹತ್ತಿದ ಇದ್ದಿಲನ್ನು ಕಾಯಿಸಿದರೆ ಹೊತ್ತಿಕೊಳ್ಳಬಹುದು.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ. ನೆನೆಸಿದ ಪಾತ್ರೆಗೇ ಕಾಸ್ಟಿಕ್ ಸೋಡಾ ದ್ರಾವಣ ಸುರಿಯುತ್ತಾರೆ. ಗಂಜಿಯಂಥ ಬಿಳಿ ಲೋಳೆ ತಕ್ಷಣ ಏಳುತ್ತದೆ, ಎಲ್ಲರಿಗೂ ಖುಷಿ. ಆ ಲೋಳೆ ಹರಳಿನ ಹೊರಗೆ ಹುಟ್ಟಿದ್ದು, ತೊಳೆದರೆ ಚರಂಡಿ ಸೇರುತ್ತದೆ. ಹೈಡ್ರಾಕ್ಸೈಡ್ ರಂಧ್ರಗಳ ಒಳಗೆ ಹುಟ್ಟಬೇಕು. ಆದ್ದರಿಂದ ಮೊದಲು ದ್ರಾವಣವನ್ನು ಜರಡಿಯಲ್ಲಿ ಪೂರ್ತಿ ಬಸಿದು, ಒದ್ದೆ ಹರಳನ್ನು ಮುಳುಗುವಷ್ಟೇ ನೀರಿಗೆ ಹಾಕಿ. 100 ಮಿ.ಲೀ.ಗೆ 2 ಗ್ರಾಂನಂತೆ ಕರಗಿಸಿದ ಕಾಸ್ಟಿಕ್ ಸೋಡಾವನ್ನು ಕಲಕುತ್ತಾ ಹನಿಹನಿಯಾಗಿ ಬಿಡಿ. ಪಿಎಚ್ ಮೀಟರ್ 7 ತೋರಿಸಿದಾಗ ನಿಲ್ಲಿಸಿ, ಆದರೆ ಮುಗಿಯಿತೆಂದು ಏಳಬೇಡಿ. ಹತ್ತು ನಿಮಿಷ ಕಳೆಯಲಿ. ರಂಧ್ರಗಳೊಳಗಿನ ಆಮ್ಲ ನಿಧಾನವಾಗಿ ಹೊರಬಂದು ಅಂಕಿ ಮತ್ತೆ 5ರ ಕಡೆಗೆ ಜಾರುತ್ತದೆ. ಮತ್ತೆ ಹನಿ ಬಿಡಿ, ಮತ್ತೆ ಕಾಯಿರಿ. ಅರ್ಧ ಗಂಟೆ ಕಲಕಿದರೂ ಪಿಎಚ್ 6.5ರಿಂದ 7ರ ನಡುವೆಯೇ ನಿಂತರೆ ಆಗ ಸರಿ. ಅವಸರಕ್ಕೆ ಬಿದ್ದು 9 ದಾಟಿಸಿದರೆ ಕೂತಿದ್ದ ಅಲ್ಯೂಮಿನಿಯಂ ಮತ್ತೆ ಕರಗತೊಡಗುತ್ತದೆ. ಇಲ್ಲಿ ಲಿಟ್ಮಸ್ ಕಾಗದ ನಂಬುವವರಿಗೆ ನಾನು ಅಂಕ ಕೊಡುವುದಿಲ್ಲ.

ಒಂದು ರಾತ್ರಿ ಹಾಗೇ ಬಿಟ್ಟು ಡಿಸ್ಟಿಲ್ಡ್ ನೀರಿನಲ್ಲೇ ತೊಳೆಯಿರಿ. ತೊಳೆದ ನೀರಿಗೆ ಬೇರಿಯಂ ಕ್ಲೋರೈಡಿನ ಕೆಲವು ಹನಿ ಹಾಕಿದಾಗ ಬಿಳಿ ಮಬ್ಬು ಕಾಣದಿದ್ದರೆ ಸಲ್ಫೇಟ್ ಹೋಗಿದೆ ಎಂದರ್ಥ. (ಬೇರಿಯಂ ಕ್ಲೋರೈಡ್ ವಿಷ, ಎಚ್ಚರ.) ಆಮೇಲೆ 100 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿ.

ಇನ್ನು ಪರೀಕ್ಷೆ. 0.221 ಗ್ರಾಂ ಸೋಡಿಯಂ ಫ್ಲೋರೈಡನ್ನು ಒಂದು ಲೀಟರ್ ನೀರಿಗೆ ಹಾಕಿದರೆ ಲೀಟರಿಗೆ 100 ಮಿ.ಗ್ರಾಂ ಫ್ಲೋರೈಡ್ ಇರುವ ದ್ರಾವಣ ಸಿಗುತ್ತದೆ. ತೂಕ ಮಾಡುವ ಕೆಲಸ ಅಧ್ಯಾಪಕರದೇ. ಅದರ 50 ಮಿ.ಲೀ.ಯನ್ನು ಒಂದು ಲೀಟರಿಗೆ ತೆಳುಗೊಳಿಸಿದರೆ 5 ಮಿ.ಗ್ರಾಂ. ಎರಡು ಪ್ಲಾಸ್ಟಿಕ್ ಬಾಟಲಿಗಳಲ್ಲಿ ತಲಾ 200 ಮಿ.ಲೀ. ತೆಗೆದುಕೊಂಡು, ಒಂದಕ್ಕೆ ಲೋಹ ಕೂರಿಸಿದ ಹರಳು, ಇನ್ನೊಂದಕ್ಕೆ ಬರೀ ಇದ್ದಿಲು, ತಲಾ ಒಂದು ಗ್ರಾಂ ಹಾಕಿ ಅಲ್ಲಾಡಿಸಿ. ಎರಡನೆಯ ಬಾಟಲಿ ಇಲ್ಲದ ಪ್ರಯೋಗ ಪ್ರಯೋಗವೇ ಅಲ್ಲ. ಆಮೇಲೆ ನಿಜವಾದ ಕೊಳವೆಬಾವಿ ನೀರಿನಲ್ಲೂ ಇದನ್ನೇ ಮಾಡಿ. ಅದರಲ್ಲಿನ ಬೈಕಾರ್ಬನೇಟ್ ಫ್ಲೋರೈಡಿನ ಜಾಗಕ್ಕೆ ಪೈಪೋಟಿಗಿಳಿದು, ಪಿಎಚ್ ಕೂಡ ಏರಿ, ಫಲಿತಾಂಶ ಇಳಿಯುತ್ತದೆ. ಇಳಿದ ಅಂಕಿಯನ್ನೇ ಬರೆಯಿರಿ.

ಬಣ್ಣ ಮಾಸುವುದನ್ನು ನೋಡಿ ಅಳೆಯುವ ಸ್ಪ್ಯಾಡ್ನ್ಸ್ ಕಿಟ್ ಇಲ್ಲಿ ಮೋಸ ಮಾಡುತ್ತದೆ. ಹರಳಿನಿಂದ ಅಲ್ಯೂಮಿನಿಯಂ ಸ್ವಲ್ಪ ಕರಗಿ ಬಂದರೂ ಅದು ಫ್ಲೋರೈಡಿಗೆ ಅಂಟಿಕೊಂಡು, ಇರುವ ಫ್ಲೋರೈಡ್ ಇಲ್ಲದಂತೆ ತೋರುತ್ತದೆ. ಅಲ್ಯೂಮಿನಿಯಂ ಹಿಡಿತದಿಂದ ಫ್ಲೋರೈಡನ್ನು ಬಿಡಿಸಿ ಪಿಎಚ್ ಸ್ಥಿರವಾಗಿಡುವ ಟಿಸಾಬ್ ದ್ರಾವಣ ಬೆರೆಸಿ ಫ್ಲೋರೈಡ್ ಎಲೆಕ್ಟ್ರೋಡ್‌ನಿಂದಲೇ ಅಳೆಯಿರಿ. ಅಲ್ಯೂಮಿನಿಯಂ ಎಷ್ಟಿದೆ ಎಂಬುದನ್ನೂ ನೋಡಿಸಿ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.03 ಮಿ.ಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 0.2. ಫ್ಲೋರೈಡಿಗೆ ಆ ಮಿತಿಗಳು 1 ಮತ್ತು 1.5.

ಮನೆಯ ನೀರಿನ ಚಿಂತೆ ಇರುವವರಿಗೂ ಒಂದು ಮಾತು. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ಗಡಸುತನವನ್ನಷ್ಟೇ ತೆಗೆಯುತ್ತದೆ. ಟಿಡಿಎಸ್ ಮೀಟರಿಗೆ ಫ್ಲೋರೈಡ್ ಯಾವುದು, ಉಪ್ಪು ಯಾವುದು ಗೊತ್ತಾಗದು. ‘ಕಾರ್ಬನ್ ಫಿಲ್ಟರ್, ಫ್ಲೋರೈಡ್ ಮುಕ್ತ’ ಎಂದು ಬಾಗಿಲಿಗೆ ಬರುವವರನ್ನು ಒಳಗೆ ಬಿಡಬೇಡಿ. ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಹೆಚ್ಚಿದ್ದರೆ ಆರ್‌ಒ ಅಥವಾ ಆ್ಯಕ್ಟಿವೇಟೆಡ್ ಅಲ್ಯುಮಿನಾ (ಫ್ಲೋರೈಡ್ ಹಿಡಿಯುವ ಅಲ್ಯೂಮಿನಿಯಂ ಆಕ್ಸೈಡ್) ಘಟಕ ಹಾಕಿಸಿ.

ಬಳಸಿದ ಹರಳನ್ನು ಹೂಕುಂಡಕ್ಕೆ ಗೊಬ್ಬರವೆಂದು ಹಾಕುವುದು, ಸಿಂಕಿಗೆ ಸುರಿಯುವುದು ಎರಡೂ ಬೇಡ. ಮುಚ್ಚಳವಿರುವ ಡಬ್ಬಿಗೆ ತುಂಬಿ, ಮೇಲೆ ಹೆಸರು, ದಿನಾಂಕ ಬರೆದು ಕಾಲೇಜಿನ ರಾಸಾಯನಿಕ ತ್ಯಾಜ್ಯದ ಜೊತೆ ಕೊಡಿ.